ಸುಗಂಧ ತೈಲಗಳ ಮಿಶ್ರಣ: ಲೇಬಲ್ ಓದುವುದರಿಂದ ಹನಿಗಳ ಲೆಕ್ಕದವರೆಗೆ

ಸುಗಂಧ ತೈಲಗಳ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮುಖ್ಯವಾಗಿ ಮೂರು: ಎಷ್ಟು ಹನಿ ಹಾಕಬೇಕು, ಯಾವುದರ ಜೊತೆ ಯಾವುದನ್ನು ಬೆರೆಸಬಹುದು, ಸಿದ್ಧ ಮಿಶ್ರಣವನ್ನು ಕೊಂಡು ತಂದರೆ ಅದನ್ನು ಹಾಗೆಯೇ ಮೈಗೆ ಹಚ್ಚಬಹುದೇ. ಮೂರನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಎಣ್ಣೆಯಲ್ಲಿ ಮೊದಲೇ ತೆಳುಗೊಳಿಸಿದ್ದೆಂದು ಸೀಸೆಯ ಮೇಲೆ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಹಚ್ಚಬಾರದು. ಮೊದಲ ಎರಡಕ್ಕೆ ಒಂದೇ ವಾಕ್ಯದಲ್ಲಿ ಉತ್ತರ ಕೊಡಲಾಗದು. ಸ್ವಲ್ಪ ಲೆಕ್ಕ ಮಾಡಬೇಕಾಗುತ್ತದೆ, ಲೇಬಲ್ ಓದುವುದನ್ನು ಕಲಿಯಬೇಕಾಗುತ್ತದೆ. ಇವೆರಡೂ ಕಷ್ಟದ ಕೆಲಸಗಳಲ್ಲ. ಆದರೆ ಇವನ್ನು ಬಿಟ್ಟು ಬರೀ ಮೂಗನ್ನು ನಂಬಿ ಬೆರೆಸಿದವರು ಚರ್ಮ ಸುಟ್ಟುಕೊಳ್ಳುವುದು, ಅಲರ್ಜಿ ತಂದುಕೊಳ್ಳುವುದು ಅಪರೂಪವೇನೂ ಅಲ್ಲ.

ಈ ಲೇಖನದುದ್ದಕ್ಕೂ ನೀವು ನೆನಪಿಡಬೇಕಾದ ಸೂತ್ರ ಒಂದಿದೆ. ಮಿಶ್ರಣವೊಂದರಲ್ಲಿ ಒಂಬತ್ತು ಪಾಲು ಸೌಮ್ಯ ತೈಲವಿದ್ದು ಒಂದು ಪಾಲು ತೀಕ್ಷ್ಣ ತೈಲವಿದ್ದರೆ, ಆ ಮಿಶ್ರಣವನ್ನು ಎಷ್ಟು ಬಳಸಬಹುದೆಂಬುದನ್ನು ನಿರ್ಧರಿಸುವುದು ಆ ಒಂದು ಪಾಲು. ‘ಲ್ಯಾವೆಂಡರ್ ಹೆಚ್ಚಿದೆ, ಆದ್ದರಿಂದ ಮೃದುವಾಗಿರುತ್ತದೆ’ ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ.

ಮೊದಲಿಗೆ ಕೆಲವು ಪದಗಳು

ಸುಗಂಧ ತೈಲ ಎಂದು ಇಲ್ಲಿ ಕರೆಯುತ್ತಿರುವುದು ಮಾರುಕಟ್ಟೆಯಲ್ಲಿ ಎಸೆನ್ಷಿಯಲ್ ಆಯಿಲ್ ಎಂಬ ಹೆಸರಿನಲ್ಲಿ ಸಿಗುವ ವಸ್ತುವನ್ನು. ಗಿಡದ ಹೂವು, ಎಲೆ, ತೊಗಟೆ, ಬೇರು ಅಥವಾ ಕಟ್ಟಿಗೆಯಲ್ಲಿರುವ, ಗಾಳಿಗೆ ಆರಿಹೋಗುವ ಸುವಾಸನೆಯ ಅಂಶವನ್ನು ಹಬೆಯ ಭಟ್ಟಿಯಲ್ಲಿ ಬೇರ್ಪಡಿಸಿ ಇದನ್ನು ತೆಗೆಯುತ್ತಾರೆ. ನಿಂಬೆ, ಕಿತ್ತಳೆಯಂಥ ಹಣ್ಣುಗಳ ಸಿಪ್ಪೆಯಿಂದ ಮಾತ್ರ ಬಿಸಿ ಮಾಡದೆ ಒತ್ತಿ ತೆಗೆಯುವ ರೂಢಿ ಹೆಚ್ಚು. ಅದನ್ನು ಕೋಲ್ಡ್ ಪ್ರೆಸ್ಡ್ ಎನ್ನುತ್ತಾರೆ. ಮಲ್ಲಿಗೆಯಂಥ ನಾಜೂಕು ಹೂಗಳಿಂದ ದ್ರಾವಕ ಬಳಸಿ ತೆಗೆದದ್ದು ಅಬ್ಸಲ್ಯೂಟ್. ಒಂದು ಕಿಲೋ ಗುಲಾಬಿ ತೈಲಕ್ಕೆ ಟನ್ನುಗಟ್ಟಲೆ ಪಕಳೆ ಬೇಕಾಗುತ್ತದೆ ಎಂದರೆ, ಒಂದು ಹನಿಯಲ್ಲಿ ಎಷ್ಟು ಸಾಂದ್ರತೆ ಇರುತ್ತದೆಂದು ಊಹಿಸಬಹುದು.

ಆಧಾರ ಎಣ್ಣೆ ಅಥವಾ ಕ್ಯಾರಿಯರ್ ಆಯಿಲ್ ಎಂದರೆ ಈ ಸಾಂದ್ರ ತೈಲವನ್ನು ತೆಳುಗೊಳಿಸಲು ಬಳಸುವ ಕೊಬ್ಬರಿ, ಎಳ್ಳು, ಸೂರ್ಯಕಾಂತಿ, ಬಾದಾಮಿ, ಜೊಜೊಬಾ ಮುಂತಾದ ಸಾದಾ ಎಣ್ಣೆಗಳು. ತೆಳುಗೊಳಿಸುವ ಪ್ರಮಾಣವನ್ನು, ಅಂದರೆ ಒಟ್ಟು ಎಣ್ಣೆಯಲ್ಲಿ ಸುಗಂಧ ತೈಲ ಎಷ್ಟಿದೆ ಎಂಬುದನ್ನು, ಶೇಕಡಾವಾರು ಲೆಕ್ಕದಲ್ಲಿ ಹೇಳುತ್ತಾರೆ. ಇನ್ನು ಫ್ರೇಗ್ರೆನ್ಸ್ ಆಯಿಲ್ ಅಥವಾ ಪರ್ಫ್ಯೂಮ್ ಆಯಿಲ್ ಎಂದು ಬರೆದಿರುವ ಸೀಸೆಗಳು ಬೇರೆಯೇ ಸರಕು; ಅವು ಪೂರ್ತಿಯಾಗಿಯೋ ಭಾಗಶಃವೋ ಕೃತಕ ಪರಿಮಳಗಳು. ಕೃತಕ ಎಂಬ ಒಂದೇ ಕಾರಣಕ್ಕೆ ಅವು ಕೆಟ್ಟವೆಂದಾಗಲಿ, ಗಿಡದಿಂದ ಬಂದದ್ದೆಂಬ ಕಾರಣಕ್ಕೆ ಸುಗಂಧ ತೈಲ ನಿರಪಾಯವೆಂದಾಗಲಿ ಅಲ್ಲ. ಆದರೆ ಈ ಲೇಖನದ ಲೆಕ್ಕಗಳು ಅವುಗಳಿಗೆ ಅನ್ವಯಿಸುವುದಿಲ್ಲ.

ಬೇಕಾಗುವ ವಸ್ತುಗಳು

ಕಂದು ಅಥವಾ ಕಡುನೀಲಿ ಬಣ್ಣದ ಗಾಜಿನ ಸೀಸೆಗಳು, 10 ಮತ್ತು 30 ಮಿಲಿಲೀಟರ್ ಅಳತೆಯವು, ಗಾಜಿನ ಅಳತೆ ಪಾತ್ರೆ, ಒಂದೊಂದು ತೈಲಕ್ಕೂ ಪ್ರತ್ಯೇಕವಾದ ಗಾಜಿನ ಡ್ರಾಪರ್, ಅಂಟಿಸುವ ಚೀಟಿ ಮತ್ತು ಪೆನ್ನು, ವಾಸನೆ ನೋಡಲು ಬಿಳಿ ಕಾಗದದ ಪಟ್ಟಿಗಳು, ಕೈಗವಸು. ಪ್ಲಾಸ್ಟಿಕ್ ಪಾತ್ರೆ ಬೇಡ. ತೆಳುಗೊಳಿಸದ ತೈಲ ಹಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಕಿತ್ತಳೆ ತೈಲದಲ್ಲಿರುವ ಲಿಮೊನೀನ್ ಥರ್ಮಾಕೋಲನ್ನು ಕರಗಿಸಿಯೇ ಬಿಡುತ್ತದೆ. ನಿಮ್ಮಲ್ಲಿ ಗ್ರಾಮಿನ ನೂರರ ಒಂದು ಭಾಗವನ್ನು ತೋರಿಸುವ ಸಣ್ಣ ತಕ್ಕಡಿ ಇದ್ದರೆ ಹನಿ ಎಣಿಸುವುದಕ್ಕಿಂತ ತೂಕ ಮಾಡುವುದೇ ಮೇಲು. ಅದಿಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಹಂತ 1: ಲೇಬಲ್ ಓದಿ

ಸೀಸೆಯ ಮೇಲೆ ಗಿಡದ ಸಸ್ಯಶಾಸ್ತ್ರೀಯ ಹೆಸರು ಇದೆಯೇ ಎಂದು ಮೊದಲು ನೋಡಿ. ಬಳಕೆಯ ಹೆಸರು ಸಾಲದು. ‘ಲ್ಯಾವೆಂಡರ್’ ಎಂದಷ್ಟೇ ಬರೆದಿದ್ದರೆ ಅದು ಕರ್ಪೂರದ ಅಂಶ ತೀರಾ ಕಡಿಮೆಯಿರುವ ಲ್ಯಾವೆಂಡುಲಾ ಅಂಗುಸ್ಟಿಫೋಲಿಯಾ ಇರಬಹುದು, ಕರ್ಪೂರದ ಅಂಶ ಗಣನೀಯವಾಗಿರುವ ಲ್ಯಾವೆಂಡುಲಾ ಲ್ಯಾಟಿಫೋಲಿಯಾ ಕೂಡ ಇರಬಹುದು. ಮೂರ್ಛೆರೋಗವಿರುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ‘ನೀಲಗಿರಿ’ ಎಂಬ ಒಂದೇ ಹೆಸರಿನಡಿ ಸಿನಿಯೋಲ್ ಎಂಬ ತೀಕ್ಷ್ಣ ರಾಸಾಯನಿಕ ತುಂಬಿರುವ ಯೂಕಲಿಪ್ಟಸ್ ಗ್ಲೋಬುಲಸ್ ಕೂಡ ಬರುತ್ತದೆ, ನಿಂಬೆಯ ವಾಸನೆಯ ಸಿಟ್ರಿಯೊಡೋರಾ ಕೂಡ ಬರುತ್ತದೆ.

ಎರಡನೆಯದಾಗಿ, ಗಿಡದ ಯಾವ ಭಾಗದಿಂದ ತೆಗೆದದ್ದು ಎಂಬುದು. ದಾಲ್ಚಿನ್ನಿಯ ತೊಗಟೆಯ ತೈಲ ಮತ್ತು ಎಲೆಯ ತೈಲ ಒಂದೇ ಮರದಿಂದ ಬಂದರೂ ರಸಾಯನದಲ್ಲಿ ಬೇರೆ ಬೇರೆ. ತೊಗಟೆಯಲ್ಲಿ ಸಿನಮಾಲ್ಡಿಹೈಡ್ ಪ್ರಧಾನ, ಎಲೆಯಲ್ಲಿ ಯೂಜಿನಾಲ್ ಪ್ರಧಾನ. ಮೂರನೆಯದು, ತೆಗೆದ ವಿಧಾನ: ನಿಂಬೆ ಜಾತಿಯ ತೈಲಗಳ ಮಟ್ಟಿಗೆ ಒತ್ತಿ ತೆಗೆದದ್ದೋ ಭಟ್ಟಿ ಇಳಿಸಿದ್ದೋ ಎಂಬುದರ ಮೇಲೆ ಬಿಸಿಲಿನ ಅಪಾಯ ನಿಂತಿದೆ. ಕೆಲವು ಸೀಸೆಗಳಲ್ಲಿ ‘ಕೀಮೊಟೈಪ್’ ಎಂಬ ಮಾತು ಕಾಣುತ್ತದೆ. ಒಂದೇ ಜಾತಿಯ ಗಿಡ ಬೇರೆ ಬೇರೆ ನೆಲ-ಹವೆಗಳಲ್ಲಿ ಅಥವಾ ತಳಿಗಳಲ್ಲಿ ಬೇರೆ ಬೇರೆ ಮುಖ್ಯ ರಾಸಾಯನಿಕವನ್ನು ತಯಾರಿಸುವುದನ್ನು ಹಾಗೆನ್ನುತ್ತಾರೆ. ಥೈಮ್ ಇದಕ್ಕೆ ಒಳ್ಳೆಯ ಉದಾಹರಣೆ: ಲಿನಲೂಲ್ ಬಗೆಯದು ಸೌಮ್ಯ, ಥೈಮಾಲ್ ಬಗೆಯದು ಚರ್ಮವನ್ನು ಉರಿಸುವಂಥದ್ದು.

ಸಿದ್ಧ ಮಿಶ್ರಣವಾದರೆ ಅದರಲ್ಲಿರುವ ಪ್ರತಿಯೊಂದು ತೈಲದ ಹೆಸರೂ ಇರಬೇಕು. ಪಾಲೂ ಇದ್ದರೆ ಇನ್ನೂ ಒಳ್ಳೆಯದು. ‘ನೆಮ್ಮದಿ’, ‘ಚೈತನ್ಯ’, ‘ರೋಗನಿರೋಧಕ’ ಎಂಬಂಥ ಹೆಸರಷ್ಟೇ ಇದ್ದು ಒಳಗೇನಿದೆ ಎಂಬುದಿಲ್ಲದ ಮಿಶ್ರಣವನ್ನು ಚರ್ಮಕ್ಕೆ ಸೋಕಿಸದಿರುವುದೇ ಉತ್ತಮ. ‘ಥೆರಪ್ಯೂಟಿಕ್ ಗ್ರೇಡ್’ ಎಂಬ ಮುದ್ರೆಗೆ ಬೆಲೆ ಕೊಡಬೇಡಿ. ಅದು ಮಾರಾಟಗಾರರು ತಾವೇ ಹಾಕಿಕೊಂಡ ಬಿರುದು, ಅಂಥ ದರ್ಜೆಯನ್ನು ನೀಡುವ ಸ್ವತಂತ್ರ ಪ್ರಾಧಿಕಾರವಿಲ್ಲ. ಇದರ ಬದಲು ಆ ಬ್ಯಾಚಿನ ಜಿಸಿ-ಎಂಎಸ್ ವರದಿಯನ್ನು ಕೇಳಿ. ತೈಲದಲ್ಲಿರುವ ರಾಸಾಯನಿಕಗಳನ್ನು ಒಂದೊಂದಾಗಿ ಬೇರ್ಪಡಿಸಿ ಗುರುತಿಸುವ ಪರೀಕ್ಷೆ ಅದು. ಬೆಲೆಯೂ ಒಂದು ಸುಳಿವು: ಒಬ್ಬನೇ ಮಾರಾಟಗಾರನ ಬಳಿ ಗುಲಾಬಿ, ಗಂಧ, ಕಿತ್ತಳೆ ಮೂರೂ ಒಂದೇ ಬೆಲೆಗೆ ಸಿಗುತ್ತಿದ್ದರೆ, ಮೊದಲೆರಡು ಶುದ್ಧವಾಗಿರುವುದು ಸಾಧ್ಯವಿಲ್ಲ.

ಹಂತ 2: ಯಾರು ಬಳಸುತ್ತಾರೆ ಎಂಬುದನ್ನು ಮೊದಲೇ ನಿರ್ಧರಿಸಿ

ಮಿಶ್ರಣ ತಯಾರಾದ ಮೇಲೆ ‘ಮಗುವಿಗೂ ಹಚ್ಚಬಹುದೇ’ ಎಂದು ಕೇಳುವವರು ಬಹಳ. ಕ್ರಮ ತಿರುಗಬೇಕು. ಬಳಸುವವರು ಯಾರೆಂದು ತಿಳಿದ ಮೇಲೆ ತೈಲಗಳನ್ನು ಆರಿಸಬೇಕು.

ಎರಡು ವರ್ಷದೊಳಗಿನ ಮಕ್ಕಳಿಗೆ ವೈದ್ಯರ ಸಲಹೆಯಿಲ್ಲದೆ ಯಾವ ಸುಗಂಧ ತೈಲವನ್ನೂ ಹಚ್ಚಬೇಡಿ. ಶಿಶುಗಳ ಮತ್ತು ಚಿಕ್ಕ ಮಕ್ಕಳ ಮುಖ, ಮೂಗು, ಎದೆಯ ಹತ್ತಿರ ನೀಲಗಿರಿ, ಪೆಪ್ಪರ್‌ಮಿಂಟ್, ಕರ್ಪೂರ ಇವು ಬರಲೇಬಾರದು. ಮೆಂಥಾಲ್ ಮತ್ತು ಸಿನಿಯೋಲ್‌ಗಳ ತೀಕ್ಷ್ಣತೆಗೆ ಚಿಕ್ಕ ಮಕ್ಕಳ ಗಂಟಲು ಬಿಗಿದುಕೊಂಡು ಉಸಿರಾಟಕ್ಕೆ ತೊಂದರೆಯಾಗಬಹುದು. ನೆಗಡಿಯಾದಾಗ ಇವನ್ನೇ ಹಚ್ಚುವ ಅಭ್ಯಾಸ ಎಷ್ಟು ಹಳೆಯದಾಗಿದ್ದರೂ ಈ ಮಾತು ಬದಲಾಗುವುದಿಲ್ಲ.

ಗರ್ಭಿಣಿಯರು ಮೊದಲ ಮೂರು ತಿಂಗಳು ಚರ್ಮಕ್ಕೆ ಹಚ್ಚುವುದನ್ನು ಪೂರ್ತಿ ಬಿಡುವುದು ಒಳ್ಳೆಯದು. ಆಮೇಲೂ ತಮ್ಮ ವೈದ್ಯರನ್ನು ಕೇಳಿ, ಶೇ 1ನ್ನು ಮೀರದಂತೆ ಬಳಸಬೇಕು. ಪೆನ್ನಿರಾಯಲ್, ಸೇಜ್, ವಿಂಟರ್‌ಗ್ರೀನ್ ತೈಲಗಳು ಅವರಿಗೆ ಯಾವ ಹಂತದಲ್ಲೂ ಸಲ್ಲವು. ಮೂರ್ಛೆರೋಗ ಇರುವವರು ಕರ್ಪೂರ, ನೀಲಗಿರಿ, ರೋಸ್‌ಮೆರಿ, ಹಿಸಪ್, ಸೇಜ್ ಇವುಗಳಿಂದ ದೂರವಿರಬೇಕು. ವಾಸನೆಗಾಗಿ ಗಾಳಿಯಲ್ಲಿ ಹರಡುವುದೂ ಬೇಡ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ವಿಂಟರ್‌ಗ್ರೀನ್ ಮತ್ತು ಸ್ವೀಟ್ ಬರ್ಚ್ ನಿಷಿದ್ಧ. ಈ ಎರಡೂ ತೈಲಗಳು ಬಹುಪಾಲು ಮೀಥೈಲ್ ಸ್ಯಾಲಿಸಿಲೇಟ್; ಚರ್ಮದ ಮೂಲಕ ಹೀರಿಕೊಂಡರೂ ಅದು ಔಷಧದ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿ ಮಾಡಬಹುದು. ಉಬ್ಬಸವಿರುವವರಿಗೆ ಯಾವ ತೈಲ ಒಗ್ಗದೆಂದು ಮೊದಲೇ ಹೇಳುವುದು ಕಷ್ಟ. ಆದ್ದರಿಂದ ಅಂಥವರಿರುವ ಕೋಣೆಯಲ್ಲಿ ಹರಡದಿರುವುದು ಲೇಸು.

ಮನೆಯಲ್ಲಿ ಬೆಕ್ಕಿದ್ದರೆ ಅದನ್ನೂ ಬಳಕೆದಾರರ ಪಟ್ಟಿಗೆ ಸೇರಿಸಿಕೊಳ್ಳಿ. ಇಂಥ ಹಲವು ರಾಸಾಯನಿಕಗಳನ್ನು ಒಡೆದು ಹೊರಹಾಕಲು ಮನುಷ್ಯರ ಯಕೃತ್ತು ಬಳಸುವ ಮಾರ್ಗ ಬೆಕ್ಕುಗಳಲ್ಲಿ ದುರ್ಬಲ. ಟೀ ಟ್ರೀ ತೈಲ ಬೆಕ್ಕು ಮತ್ತು ನಾಯಿ ಎರಡಕ್ಕೂ ವಿಷವಾಗುತ್ತದೆ. ಸಾಕುಹಕ್ಕಿಗಳ ಶ್ವಾಸಾಂಗವಂತೂ ಇನ್ನೂ ಸೂಕ್ಷ್ಮ.

ಕುಡಿಯುವ ವಿಚಾರವನ್ನೂ ಇಲ್ಲಿಯೇ ಮುಗಿಸುತ್ತೇನೆ. ನೀರಿಗೆ, ಚಹಾಕ್ಕೆ, ಜೇನುತುಪ್ಪಕ್ಕೆ ಹನಿ ಹಾಕಿಕೊಂಡು ಸೇವಿಸಬೇಡಿ. ಪೆಪ್ಪರ್‌ಮಿಂಟ್ ತೈಲದ ಕ್ಯಾಪ್ಸೂಲನ್ನು ವೈದ್ಯರು ಕರುಳಿನ ತೊಂದರೆಗೆ ಬರೆದುಕೊಡುವುದುಂಟು. ಅದು ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಬಿಚ್ಚಿಕೊಳ್ಳುವಂತೆ ಅಳೆದು ತಯಾರಿಸಿದ ಔಷಧ, ಸೀಸೆಯ ತೈಲಕ್ಕೆ ಅದನ್ನು ಹೋಲಿಸಲಾಗದು. ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ವಿಂಟರ್‌ಗ್ರೀನ್ ತೈಲದಲ್ಲಿರುವ ಸ್ಯಾಲಿಸಿಲೇಟ್ ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮ. ಅಷ್ಟು ತೈಲ ಚಿಕ್ಕ ಮಗುವಿನ ಪ್ರಾಣ ತೆಗೆಯಬಲ್ಲದು.

ಹಂತ 3: ಹನಿಗಳ ಲೆಕ್ಕ

ರೂಢಿಯ ಲೆಕ್ಕ ಹೀಗಿದೆ: 1 ಮಿಲಿಲೀಟರಿಗೆ 20 ಹನಿ. ಹಾಗಾದರೆ 30 ಮಿಲಿಲೀಟರ್ ಎಣ್ಣೆಯಲ್ಲಿ 600 ಹನಿ. ಅದರ ಶೇ 1 ಎಂದರೆ 6 ಹನಿ, ಶೇ 2 ಎಂದರೆ 12 ಹನಿ, ಶೇ 3 ಎಂದರೆ 18 ಹನಿ. 10 ಮಿಲಿಲೀಟರ್ ಸೀಸೆಗೆ ಇವು ಕ್ರಮವಾಗಿ 2, 4 ಮತ್ತು 6 ಹನಿ. ಈ ಎಣಿಕೆ ಮಿಶ್ರಣದ ಎಲ್ಲ ತೈಲಗಳನ್ನೂ ಸೇರಿಸಿದ ಒಟ್ಟು ಹನಿಗಳದ್ದು. ‘ಶೇ 2’ ಎಂದು ಓದಿ ಲ್ಯಾವೆಂಡರ್ 12, ಕಿತ್ತಳೆ 12, ಗಂಧ 12 ಎಂದು ಹಾಕುವುದು ನಾನು ಕಂಡಂತೆ ಅತಿ ಹೆಚ್ಚಿನವರು ಎಡವುವ ಜಾಗ. ಹಾಗೆ ಹಾಕಿದರೆ ಅದು ಶೇ 6 ಆಗುತ್ತದೆ.

ಆರೋಗ್ಯವಂತ ವಯಸ್ಕರು ಮುಖಕ್ಕೆ ಶೇ 0.5ರಿಂದ 1, ಮೈಗೆ ದಿನನಿತ್ಯ ಹಚ್ಚುವುದಾದರೆ ಶೇ 2ರ ಒಳಗೆ ಇಟ್ಟುಕೊಳ್ಳಬೇಕು. ನೋಯುವ ಒಂದು ಚಿಕ್ಕ ಜಾಗಕ್ಕೆ ಕೆಲವೇ ದಿನ ಹಚ್ಚಲು ಶೇ 3ರವರೆಗೆ ಹೋಗಬಹುದು. ಎರಡು ವರ್ಷ ದಾಟಿದ ಮಕ್ಕಳಿಗೆ, ವೃದ್ಧರಿಗೆ, ಸೂಕ್ಷ್ಮ ಚರ್ಮದವರಿಗೆ ಶೇ 0.5 ಸಾಕು. ಹೆಚ್ಚು ಹಾಕಿದರೆ ಹೆಚ್ಚು ಗುಣ ಎಂಬುದು ಸುಳ್ಳು. ಹೆಚ್ಚುವುದು ಅಲರ್ಜಿಯ ಸಾಧ್ಯತೆ ಮಾತ್ರ.

ಹನಿಯ ಲೆಕ್ಕದಲ್ಲಿ ಒಂದು ದೋಷವಿದೆ. ಎಲ್ಲ ಸೀಸೆಗಳ ಮೂತಿಯೂ ಒಂದೇ ಗಾತ್ರದ್ದಲ್ಲ, ಎಲ್ಲ ತೈಲಗಳ ದಪ್ಪವೂ ಒಂದೇ ಅಲ್ಲ. ಲಾವಂಚದ ತೈಲ ನಿಧಾನವಾಗಿ ದಪ್ಪ ಹನಿಯಾಗಿ ಬೀಳುತ್ತದೆ, ನಿಂಬೆಯದು ಸಣ್ಣ ಹನಿಗಳಾಗಿ ಸರಸರನೆ ಇಳಿಯುತ್ತದೆ. ಹೀಗಾಗಿ ಒಂದು ಮಿಲಿಲೀಟರಿಗೆ 20ರ ಬದಲು 30ಕ್ಕೂ ಹೆಚ್ಚು ಹನಿ ಬರಬಹುದು. ಶೇ 1 ಅಥವಾ 2ರ ಮಟ್ಟದ ಸೌಮ್ಯ ಮಿಶ್ರಣಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ತೀಕ್ಷ್ಣ ತೈಲಗಳಲ್ಲಿ ಮಾತ್ರ ಇದು ಮುಖ್ಯವಾಗುತ್ತದೆ. ತಕ್ಕಡಿ ಇರಲಿ ಎಂದು ಮೇಲೆ ಹೇಳಿದ್ದು ಅದಕ್ಕಾಗಿಯೇ.

ಹಂತ 4: ತೀಕ್ಷ್ಣ ತೈಲದ ಮಿತಿಯನ್ನು ಇಡೀ ಮಿಶ್ರಣಕ್ಕೆ ಅನ್ವಯಿಸಿ

ಬಿಡಿ ತೈಲ ಬಳಸುವವರಿಗೆ ಬೇಡದ, ಮಿಶ್ರಣ ಬಳಸುವವರಿಗೆ ಅತ್ಯಗತ್ಯವಾದ ಹಂತ ಇದು. ಕೆಲವು ತೈಲಗಳಿಗೆ ಚರ್ಮದ ಮೇಲೆ ಇರಬಹುದಾದ ಗರಿಷ್ಠ ಪ್ರಮಾಣವನ್ನು ತಜ್ಞರು ಗೊತ್ತುಮಾಡಿದ್ದಾರೆ. ದಾಲ್ಚಿನ್ನಿ ತೊಗಟೆಗೆ ಶೇ 0.07, ಲವಂಗಕ್ಕೆ ಶೇ 0.5, ನಿಂಬೆಹುಲ್ಲಿಗೆ ಶೇ 0.7 ಎಂಬುವು ಸುಗಂಧ ತೈಲಗಳ ಸುರಕ್ಷತೆಯ ವಿಚಾರದಲ್ಲಿ ವ್ಯಾಪಕವಾಗಿ ಪಾಲಿಸುವ ಸಂಖ್ಯೆಗಳು. ಆರೆಗಾನೊ, ಥೈಮಾಲ್ ಬಗೆಯ ಥೈಮ್, ಕ್ಯಾಸಿಯಾ ಇವೂ ಇದೇ ಗುಂಪಿನವು.

ಒಂದು ಸಿದ್ಧ ಮಿಶ್ರಣವನ್ನು ತೆಗೆದುಕೊಳ್ಳೋಣ. ಅದರಲ್ಲಿ ಕಿತ್ತಳೆ 40 ಪಾಲು, ಲವಂಗ 25, ನೀಲಗಿರಿ 15, ರೋಸ್‌ಮೆರಿ 10, ದಾಲ್ಚಿನ್ನಿ ತೊಗಟೆ 10 ಪಾಲು ಇದೆಯೆಂದುಕೊಳ್ಳಿ. ಮಸಾಲೆಯ ಪರಿಮಳದ ಇಂಥ ಮಿಶ್ರಣಗಳು ಬಹಳ ಜನಪ್ರಿಯ. ಇದನ್ನು ‘ಮೈಗೆ ಶೇ 2’ ಎಂಬ ಸಾಮಾನ್ಯ ನಿಯಮದಂತೆ ಬೆರೆಸಿದರೆ ಏನಾಗುತ್ತದೆ? ದಾಲ್ಚಿನ್ನಿಯ ಪಾಲು ಶೇ 2ರ ಹತ್ತನೆಯ ಒಂದು ಭಾಗ, ಅಂದರೆ ಶೇ 0.2. ಮಿತಿ ಶೇ 0.07, ಸುಮಾರು ಮೂರು ಪಟ್ಟು ಮೀರಿದಂತಾಯಿತು. ಲವಂಗದ ಪಾಲು ಶೇ 0.5, ಅದು ಮಿತಿಯ ಅಂಚಿನಲ್ಲೇ ನಿಂತಿದೆ. ಹಾಗಾದರೆ ದಾಲ್ಚಿನ್ನಿಯನ್ನು ಶೇ 0.07ಕ್ಕೆ ಇಳಿಸಬೇಕಾದರೆ ಇಡೀ ಮಿಶ್ರಣವನ್ನು ಶೇ 0.7ಕ್ಕೆ ಇಳಿಸಬೇಕು. 30 ಮಿಲಿಲೀಟರ್ ಎಣ್ಣೆಗೆ ಅದು 4 ಹನಿ. ಸಾಮಾನ್ಯ ನಿಯಮ ಹೇಳುತ್ತಿದ್ದದ್ದು 12.

ಲೆಕ್ಕದ ಸೂತ್ರ ಇಷ್ಟೇ: ತೀಕ್ಷ್ಣ ತೈಲದ ಮಿತಿಯನ್ನು ಮಿಶ್ರಣದಲ್ಲಿ ಅದರ ಶೇಕಡಾ ಪಾಲಿನಿಂದ ಭಾಗಿಸಿ, ನೂರರಿಂದ ಗುಣಿಸಿ. ಒಂದಕ್ಕಿಂತ ಹೆಚ್ಚು ತೀಕ್ಷ್ಣ ತೈಲಗಳಿದ್ದರೆ ಪ್ರತಿಯೊಂದಕ್ಕೂ ಹೀಗೆ ಲೆಕ್ಕ ಹಾಕಿ, ಬಂದ ಉತ್ತರಗಳಲ್ಲಿ ಅತಿ ಚಿಕ್ಕದನ್ನು ಹಿಡಿಯಿರಿ.

ಇಷ್ಟಕ್ಕೂ ಒಂದು ತೊಡಕು ಉಳಿಯುತ್ತದೆ. ಬೇರೆ ಬೇರೆ ತೈಲಗಳಲ್ಲಿ ಒಂದೇ ರಾಸಾಯನಿಕ ಇರಬಹುದು, ಆಗ ಅವುಗಳ ಮಿತಿಗಳನ್ನು ಬೇರೆ ಬೇರೆಯಾಗಿ ನೋಡಿದರೆ ಮೋಸಹೋಗುತ್ತೀರಿ. ಲವಂಗದಲ್ಲೂ ದಾಲ್ಚಿನ್ನಿ ಎಲೆಯಲ್ಲೂ ಯೂಜಿನಾಲ್ ಪ್ರಧಾನ. ಎರಡನ್ನೂ ಶೇ 0.5ರಂತೆ ಹಾಕಿದರೆ ಚರ್ಮಕ್ಕೆ ತಗಲುವ ಯೂಜಿನಾಲ್ ಇಮ್ಮಡಿಯಾಗುತ್ತದೆ. ನಿಂಬೆಹುಲ್ಲು, ಲಿಟ್ಸಿಯಾ, ಮೆಲಿಸ್ಸಾ ಇವು ಮೂರೂ ಸಿಟ್ರಾಲ್ ಹೊತ್ತವು. ಇಂಥವನ್ನು ಒಂದೇ ತೈಲವೆಂದು ಭಾವಿಸಿ, ಒಟ್ಟು ಮೊತ್ತವನ್ನು ಒಂದು ಮಿತಿಯೊಳಗೆ ಇರಿಸಬೇಕು. ಸೌಮ್ಯ ತೈಲವೊಂದು ತೀಕ್ಷ್ಣ ತೈಲದ ಉರಿಯನ್ನು ‘ತಣಿಸುತ್ತದೆ’ ಎಂಬ ಮಾತು ಮಾರಾಟದ ಪುಟಗಳಲ್ಲಿ ಓದಲು ಸಿಗುತ್ತದೆ. ಆ ಭರವಸೆಯ ಮೇಲೆ ಒಂದು ಹನಿಯನ್ನೂ ಹೆಚ್ಚಿಸಬೇಡಿ.

ಪಾಲುಗಳನ್ನು ತಯಾರಕರು ಹೇಳದಿದ್ದರೆ? ಪತ್ರ ಬರೆದು ಕೇಳಿ. ಉತ್ತರ ಬಾರದಿದ್ದರೆ, ಪಟ್ಟಿಯಲ್ಲಿ ಮೇಲಿನ ತೀಕ್ಷ್ಣ ತೈಲಗಳಲ್ಲಿ ಒಂದಾದರೂ ಇದ್ದಲ್ಲಿ ಆ ಮಿಶ್ರಣವನ್ನು ವಾಸನೆಗೆ ಮಾತ್ರ ಬಳಸಿ.

ಹಂತ 5: ಬಿಸಿಲಿಗೆ ಹೋಗುವವರೇ ಎಂದು ಕೇಳಿಕೊಳ್ಳಿ

ಒತ್ತಿ ತೆಗೆದ ಬೆರ್ಗಮೊಟ್, ಲೈಮ್, ನಿಂಬೆ, ದ್ರಾಕ್ಷಿಹಣ್ಣು ಎಂದು ತಪ್ಪಾಗಿ ತಿಳಿಯಲ್ಪಡುವ ಗ್ರೇಪ್‌ಫ್ರೂಟ್, ಇವುಗಳಲ್ಲಿ ಫ್ಯೂರಾನೊಕೌಮರಿನ್ ಎಂಬ ವರ್ಗದ ರಾಸಾಯನಿಕಗಳಿರುತ್ತವೆ. ಇವು ಚರ್ಮದ ಮೇಲಿರುವಾಗ ಸೂರ್ಯನ ನೇರಳಾತೀತ ಕಿರಣ ಬಿದ್ದರೆ ಸುಟ್ಟಗಾಯದಂಥ ಬೊಕ್ಕೆಗಳೇಳುತ್ತವೆ. ವಾಸಿಯಾದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘಟನೆಯಾದ ಇಫ್ರಾ ಇದಕ್ಕೆ ಮಿತಿಗಳನ್ನು ನಿಗದಿಪಡಿಸಿದೆ: ತೊಳೆಯದೆ ಚರ್ಮದ ಮೇಲೆ ಬಿಡುವ ವಸ್ತುಗಳಲ್ಲಿ ಬೆರ್ಗಮೊಟ್ ಶೇ 0.4, ಲೈಮ್ ಶೇ 0.7, ನಿಂಬೆ ಶೇ 2, ಗ್ರೇಪ್‌ಫ್ರೂಟ್ ಶೇ 4. ಹಿಂದಿನ ಹಂತದ ಕೂಡುವ ನಿಯಮ ಇಲ್ಲಿಯೂ ಉಂಟು. ಬೆರ್ಗಮೊಟ್‌ನ ಅರ್ಧ ಮಿತಿ ಬಳಸಿದರೆ ನಿಂಬೆಗೆ ಉಳಿಯುವುದು ಅದರ ಅರ್ಧ ಮಿತಿಯಷ್ಟೇ.

ಮಿತಿ ಮೀರಿದ ಮಿಶ್ರಣ ಹಚ್ಚಿಕೊಂಡಿದ್ದರೆ ಆ ಜಾಗಕ್ಕೆ ಕನಿಷ್ಠ 12 ಗಂಟೆ ಬಿಸಿಲು ಸೋಕಬಾರದು. ಸಿಹಿ ಕಿತ್ತಳೆಗೆ ಈ ದೋಷವಿಲ್ಲ. ಭಟ್ಟಿ ಇಳಿಸಿದ ಲೈಮ್ ಮತ್ತು ನಿಂಬೆ ತೈಲಗಳಿಗೂ, ಫ್ಯೂರಾನೊಕೌಮರಿನ್ ತೆಗೆದ ‘ಎಫ್‌ಸಿಎಫ್’ ಗುರುತಿನ ಬೆರ್ಗಮೊಟ್‌ಗೂ ಇಲ್ಲ. ಆಯ್ಕೆ ಇರುವಾಗ ಇವನ್ನೇ ಕೊಳ್ಳಿ, ಲೆಕ್ಕದ ತಲೆನೋವು ತಪ್ಪುತ್ತದೆ.

ಹಂತ 6: ಬೆರೆಸುವುದು

ಪರಿಮಳಗಳನ್ನು ಆರುವ ವೇಗದ ಮೇಲೆ ಮೂರು ಸ್ತರಗಳಾಗಿ ವಿಂಗಡಿಸುವುದು ಸುಗಂಧಕಾರರ ಪದ್ಧತಿ. ನಿಂಬೆ, ಪೆಪ್ಪರ್‌ಮಿಂಟ್, ನೀಲಗಿರಿಯಂಥವು ಮೊದಲು ಮೂಗಿಗೆ ಬಡಿದು ಬೇಗ ಹಾರಿಹೋಗುವ ಮೇಲಿನ ಸ್ತರ, ಟಾಪ್ ನೋಟ್. ಲ್ಯಾವೆಂಡರ್, ಜೆರೇನಿಯಂ ನಡುವಿನ ಸ್ತರ. ಗಂಧ, ಲಾವಂಚ, ಪಚೋಲಿ ಗಂಟೆಗಟ್ಟಲೆ ನಿಲ್ಲುವ ತಳದ ಸ್ತರ. ಮೇಲಿನದು 3 ಪಾಲು, ನಡುವಿನದು 5, ತಳದ್ದು 2 ಎಂಬ ಅನುಪಾತದಿಂದ ಆರಂಭಿಸಬಹುದು. ಇದು ವಾಸನೆಯ ಹೊಂದಾಣಿಕೆಯ ನಿಯಮ, ಸುರಕ್ಷತೆಯದ್ದಲ್ಲ. ಎರಡನ್ನೂ ಬೆರೆಸಿಕೊಳ್ಳಬೇಡಿ.

ಮೊದಲು ಕಾಗದದ ಪಟ್ಟಿಗಳ ಮೇಲೆ ಒಂದೊಂದು ಹನಿ ಹಾಕಿ, ಪಟ್ಟಿಗಳನ್ನು ಒಟ್ಟಿಗೆ ಹಿಡಿದು ಮೂಗಿನಿಂದ ಸ್ವಲ್ಪ ದೂರದಲ್ಲಿ ಬೀಸಿ ನೋಡಿ. ಅರ್ಧ ಗಂಟೆಯ ನಂತರ ಇನ್ನೊಮ್ಮೆ ನೋಡಿ. ಅಷ್ಟರಲ್ಲಿ ಪರಿಮಳ ಬದಲಾಗಿರುತ್ತದೆ. ಒಪ್ಪಿಗೆಯಾದ ಮೇಲೆ ಶುಭ್ರವಾಗಿ ತೊಳೆದು ಪೂರ್ತಿ ಒಣಗಿಸಿದ ಸೀಸೆಗೆ ಲೆಕ್ಕದಂತೆ ಸುಗಂಧ ತೈಲಗಳನ್ನು ಹಾಕಿ, ತಳದ ಸ್ತರದಿಂದ ಆರಂಭಿಸಿ. ಆಮೇಲೆ ಆಧಾರ ಎಣ್ಣೆಯನ್ನು ತುಂಬಿ, ಮುಚ್ಚಳ ಬಿಗಿದು, ಅಂಗೈಗಳ ನಡುವೆ ಉರುಳಿಸಿ. ಒಂದೆರಡು ದಿನ ಕತ್ತಲಲ್ಲಿ ಇಟ್ಟರೆ ಪರಿಮಳಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಬಾದಾಮಿಯಂಥ ಬೀಜಗಳ ಅಲರ್ಜಿ ಇರುವವರಿಗೆ ಅದೇ ಬೀಜದ ಆಧಾರ ಎಣ್ಣೆ ಬೇಡ. ಸುಗಂಧ ತೈಲದ ಚಿಂತೆಯಲ್ಲಿ ಇದನ್ನು ಮರೆಯುವವರು ಹಲವರು.

ಚೀಟಿಯಲ್ಲಿ ಪ್ರತಿಯೊಂದು ತೈಲದ ಪೂರ್ಣ ಹೆಸರು, ಹನಿಗಳ ಸಂಖ್ಯೆ, ಆಧಾರ ಎಣ್ಣೆ, ಒಟ್ಟು ಶೇಕಡಾವಾರು ಪ್ರಮಾಣ, ತಯಾರಿಸಿದ ದಿನಾಂಕ ಇವನ್ನು ಬರೆಯಿರಿ. ನಾಳೆ ತುರಿಕೆ ಬಂದರೆ ವೈದ್ಯರು ಕೇಳುವುದು ಇದನ್ನೇ.

ಹಂತ 7: ಚರ್ಮದ ಮೇಲೆ ಪರೀಕ್ಷೆ

ತಯಾರಾದ, ತೆಳುಗೊಳಿಸಿದ ಮಿಶ್ರಣದ ಒಂದೆರಡು ಹನಿಯನ್ನು ಮುಂಗೈಯ ಒಳಭಾಗಕ್ಕೆ ಹಚ್ಚಿ, ಮೇಲೆ ಬ್ಯಾಂಡೇಜ್ ಅಂಟಿಸಿ, ನೀರು ಸೋಕಿಸದೆ 48 ಗಂಟೆ ಬಿಡಿ. ಮಧ್ಯದಲ್ಲಿ ಉರಿ, ತುರಿಕೆ, ಕೆಂಪು ಕಂಡರೆ ತಕ್ಷಣ ತೆಗೆದು ತೊಳೆಯಿರಿ. ಅರ್ಧ ಗಂಟೆ ನೋಡಿ ‘ಏನೂ ಆಗಲಿಲ್ಲ’ ಎಂದು ತೀರ್ಮಾನಿಸುವುದು ತಪ್ಪು, ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಕೆರಳಿಕೆ ಎಂಬುದು ಹಚ್ಚಿದ ಸ್ವಲ್ಪ ಹೊತ್ತಿನಲ್ಲೇ ಕಾಣಿಸಿಕೊಂಡು, ತೊಳೆದರೆ ಇಳಿಯುತ್ತದೆ. ಅಲರ್ಜಿಯ ಚರ್ಮದುರಿತ ಒಂದು ದಿನದಿಂದ ಮೂರು ದಿನದವರೆಗೆ ತಡವಾಗಿ ಬರುತ್ತದೆ, ಮತ್ತು ಒಮ್ಮೆ ದೇಹ ಒಂದು ರಾಸಾಯನಿಕವನ್ನು ಶತ್ರುವೆಂದು ಗುರುತಿಟ್ಟುಕೊಂಡರೆ ಆ ನೆನಪು ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಆಮೇಲೆ ಅದೇ ರಾಸಾಯನಿಕವಿರುವ ಸಾಬೂನು, ಶಾಂಪೂ, ಅತ್ತರುಗಳೂ ತುರಿಕೆ ತರುತ್ತವೆ. ವರ್ಷಗಟ್ಟಲೆ ಒಗ್ಗಿದ ತೈಲವೂ ಒಂದು ದಿನ ಒಗ್ಗದೇ ಹೋಗಬಹುದು. ಒಂದೇ ಮಿಶ್ರಣವನ್ನು ಬಿಡುವಿಲ್ಲದೆ ಬಳಸಬೇಡಿ ಎನ್ನುವುದು ಇದಕ್ಕಾಗಿ.

ಉರಿಯುವುದನ್ನು ‘ದೇಹದ ವಿಷ ಹೊರಬರುತ್ತಿದೆ’ ಎಂದು ವಿವರಿಸುವವರ ಮಾತನ್ನು ಕೇಳಬೇಡಿ. ಉರಿ ಎಂದರೆ ಚರ್ಮಕ್ಕೆ ಹಾನಿಯಾಗುತ್ತಿದೆ ಎಂದೇ ಅರ್ಥ.

ಹಂತ 8: ಬಳಸುವಾಗ

ವಾಸನೆಯನ್ನು ಗಾಳಿಯಲ್ಲಿ ಹರಡುವ ಉಪಕರಣವಾದ ಡಿಫ್ಯೂಸರಿನಲ್ಲಿ 100 ಮಿಲಿಲೀಟರ್ ನೀರಿಗೆ 3ರಿಂದ 5 ಹನಿ ಸಾಕು. ಅರ್ಧ ಗಂಟೆಯಿಂದ ಒಂದು ಗಂಟೆ ನಡೆಸಿ, ನಿಲ್ಲಿಸಿ, ಕಿಟಕಿ ತೆರೆದಿಡಿ. ರಾತ್ರಿಯಿಡೀ ಬಿಟ್ಟು ಮಲಗುವುದರಿಂದ ಲಾಭವಿಲ್ಲ. ಮೂಗು ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗಿ ವಾಸನೆಯನ್ನು ಗುರುತಿಸುವುದನ್ನೇ ನಿಲ್ಲಿಸುತ್ತದೆ, ಶ್ವಾಸಕೋಶ ಮಾತ್ರ ಅದನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ತಲೆನೋವು, ಕೆಮ್ಮು, ವಾಕರಿಕೆ ಕಂಡರೆ ತಕ್ಷಣ ನಿಲ್ಲಿಸಿ ಹೊರಗಿನ ಗಾಳಿಗೆ ಹೋಗಿ. ಸಾಕುಪ್ರಾಣಿಗಳು ಆ ಕೋಣೆಯಿಂದ ಎದ್ದು ಹೋಗಲು ಬಾಗಿಲು ತೆರೆದಿರಲಿ. ಹಕ್ಕಿಯ ಪಂಜರವಿರುವ ಕೋಣೆಯಲ್ಲಿ ಹರಡುವುದೇ ಬೇಡ.

ಸ್ನಾನದ ತೊಟ್ಟಿಗೆ ಹನಿಗಳನ್ನು ನೇರವಾಗಿ ಹಾಕಬಾರದು. ನೀರಿನಲ್ಲಿ ತೈಲ ಕರಗದೆ ಮೇಲೆ ತೇಲಿ, ತೆಳುಗೊಳ್ಳದ ಹನಿಯಾಗಿಯೇ ಚರ್ಮಕ್ಕೆ, ಅದೂ ಅತಿ ಸೂಕ್ಷ್ಮವಾದ ಜಾಗಗಳಿಗೆ, ಅಂಟಿಕೊಳ್ಳುತ್ತದೆ. ಉಪ್ಪಿಗೆ ಬೆರೆಸಿ ಹಾಕಿದರೂ ಉಪ್ಪು ಕರಗಿದ ಕೂಡಲೇ ತೈಲ ಮೇಲೇಳುತ್ತದೆ. ಆಧಾರ ಎಣ್ಣೆಯಲ್ಲೋ ಪರಿಮಳವಿಲ್ಲದ ದ್ರವ ಸಾಬೂನಿನಲ್ಲೋ ಮೊದಲೇ ಬೆರೆಸಿ ಆಮೇಲೆ ನೀರಿಗೆ ಹಾಕಿ. ಬಿಸಿನೀರಿನ ಹಬೆ ತೆಗೆದುಕೊಳ್ಳುವ ವಯಸ್ಕರಿಗೆ ಒಂದು ಹನಿ ಸಾಕು, ಕಣ್ಣು ಮುಚ್ಚಿರಬೇಕು. ಮಕ್ಕಳಿಗೆ ಇದು ಬೇಡ, ಬಿಸಿನೀರು ಚೆಲ್ಲಿ ಸುಡುವ ಅಪಾಯವೂ ಜೊತೆಗಿದೆ. ನೀರು ಬೆರೆಸಿದ ಸ್ಪ್ರೇ ತಯಾರಿಸಿ ವಾರಗಟ್ಟಲೆ ಇಡಬೇಡಿ, ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಕಿವಿಯೊಳಗೆ, ಮೂಗಿನೊಳಗೆ, ಗಾಯದ ಮೇಲೆ ಯಾವ ಮಿಶ್ರಣವನ್ನೂ ಹಾಕಬೇಡಿ.

ಏನಾದರೂ ಆದರೆ

ಚರ್ಮ ಉರಿದರೆ ಬಟ್ಟೆಯಿಂದ ತೈಲವನ್ನು ಒರೆಸಿ ತೆಗೆದು, ಸಾದಾ ಆಧಾರ ಎಣ್ಣೆ ಹಚ್ಚಿ ಮತ್ತೆ ಒರೆಸಿ, ಆಮೇಲೆ ಸಾಬೂನು ಮತ್ತು ನೀರಿನಿಂದ ತೊಳೆಯಿರಿ. ಬರೀ ನೀರು ಹಾಕಿದರೆ ತೈಲ ಹೋಗುವುದಿಲ್ಲ. ಕಣ್ಣಿಗೆ ಬಿದ್ದರೆ ಕಾಂಟ್ಯಾಕ್ಟ್ ಲೆನ್ಸ್ ತೆಗೆದು, ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆಯುತ್ತಲೇ ಇದ್ದು ವೈದ್ಯರ ಬಳಿಗೆ ಹೋಗಿ.

ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ತೈಲ ಶ್ವಾಸಕೋಶಕ್ಕೆ ಇಳಿದು ಅಪಾಯಕಾರಿ ಉರಿಯೂತ ಉಂಟುಮಾಡುತ್ತದೆ. ಹಾಲು ಅಥವಾ ಎಣ್ಣೆ ಕುಡಿಸಲೂ ಬೇಡಿ. ಬಾಯಿ ಒರೆಸಿ, ಸೀಸೆಯನ್ನು ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೊರಡಿ. ವಿಷ ಮಾಹಿತಿ ಕೇಂದ್ರಕ್ಕೆ ಕರೆ ಮಾಡುವ ಅನುಕೂಲವಿದ್ದರೆ ದಾರಿಯಲ್ಲೇ ಮಾಡಿ. ಕರ್ಪೂರ ಮತ್ತು ನೀಲಗಿರಿ ನುಂಗಿದ ಮಕ್ಕಳಲ್ಲಿ ಕೆಲವೇ ನಿಮಿಷಗಳಲ್ಲಿ ಸೆಳವು ಶುರುವಾಗಬಹುದು, ಆದ್ದರಿಂದ ಲಕ್ಷಣ ಕಾಣಲಿ ಎಂದು ಕಾಯಬಾರದು.

ಹಂತ 9: ಇಡುವುದು, ಎಸೆಯುವುದು

ಗಾಳಿ, ಬೆಳಕು, ಬಿಸಿ ಈ ಮೂರೂ ತೈಲವನ್ನು ಕೆಡಿಸುತ್ತವೆ. ಲಿಮೊನೀನ್ ಮತ್ತು ಲಿನಲೂಲ್ ಗಾಳಿಯ ಆಮ್ಲಜನಕದೊಡನೆ ಸೇರಿ ಹೈಡ್ರೋಪೆರಾಕ್ಸೈಡುಗಳಾಗುತ್ತವೆ, ಅವು ಮೂಲ ತೈಲಕ್ಕಿಂತ ಎಷ್ಟೋ ಪ್ರಬಲವಾದ ಅಲರ್ಜಿಕಾರಕಗಳು. ಹಳೆಯ ಟೀ ಟ್ರೀ ತೈಲದ ಕಥೆಯೂ ಇದೇ. ಹೀಗಾಗಿ ನಿಂಬೆ ಜಾತಿಯ ತೈಲಗಳನ್ನೂ ಪೈನ್, ಟೀ ಟ್ರೀಗಳನ್ನೂ ತೆರೆದ ಒಂದು ವರ್ಷದೊಳಗೆ ಮುಗಿಸಿ. ಲ್ಯಾವೆಂಡರ್ ಎರಡು ವರ್ಷ ಬರಬಹುದು. ಗಂಧ, ಲಾವಂಚ, ಪಚೋಲಿ ಸರಿಯಾಗಿ ಮುಚ್ಚಿಟ್ಟರೆ ಹಲವು ವರ್ಷ ನಿಲ್ಲುತ್ತವೆ. ಮಿಶ್ರಣದ ಆಯುಸ್ಸು ಅದರಲ್ಲಿ ಬೇಗ ಕೆಡುವ ತೈಲದ್ದೇ, ಅಥವಾ ಆಧಾರ ಎಣ್ಣೆ ಅದಕ್ಕೂ ಮೊದಲು ಕಮಟು ಹಿಡಿದರೆ ಆ ಎಣ್ಣೆಯದ್ದು. ದೊಡ್ಡ ಸೀಸೆಯಲ್ಲಿ ಅರ್ಧ ತೈಲ ಉಳಿದರೆ ಮೇಲಿನ ಖಾಲಿ ಜಾಗದಲ್ಲಿ ಗಾಳಿ ತುಂಬಿರುತ್ತದೆ. ಚಿಕ್ಕ ಸೀಸೆಗೆ ಬದಲಾಯಿಸಿ. ಮಕ್ಕಳ ಕೈಗೆ ಎಟುಕದ, ಬೀಗವಿರುವ ಕಪಾಟು ಇದಕ್ಕೆ ಸರಿಯಾದ ಜಾಗ.

ಈ ತೈಲಗಳು ಬೆಂಕಿಗೆ ಬೇಗ ಹೊತ್ತಿಕೊಳ್ಳುತ್ತವೆ. ಕಿತ್ತಳೆ ಮತ್ತು ನೀಲಗಿರಿ ತೈಲಗಳ ಆವಿ 50 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಕಿಡಿ ತಗುಲಿದರೆ ಹತ್ತಿಕೊಳ್ಳಬಲ್ಲದು, ಆದ್ದರಿಂದ ಒಲೆಯ ಹತ್ತಿರವಾಗಲಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಾಗಲಿ ಇಡಬೇಡಿ. ಮಾಲೀಸಿನ ಎಣ್ಣೆ ಹೀರಿದ ಟವೆಲುಗಳನ್ನು ಬಿಸಿಗಾಳಿಯ ಡ್ರೈಯರಿಗೆ ಹಾಕಿ, ಬಿಸಿಯಿರುವಾಗಲೇ ರಾಶಿ ಹಾಕಿದರೆ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಚೆನ್ನಾಗಿ ಒಗೆದು ಹರವಿ ಒಣಗಿಸಿ.

ಕೆಟ್ಟ ತೈಲವನ್ನು ಬಚ್ಚಲಿಗೋ ಗಿಡದ ಬುಡಕ್ಕೋ ಸುರಿಯಬಾರದು, ಜಲಚರಗಳಿಗೆ ಅದು ವಿಷ. ಸ್ವಲ್ಪವೇ ಇದ್ದರೆ ಮುಚ್ಚಳ ಬಿಗಿದ ಸೀಸೆಯ ಸಮೇತ ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವಲ್ಲಿಗೆ ಕೊಡಿ. ನೆಲ ಒರೆಸುವ ನೀರಿಗೆ ಹಾಕಿ ಮುಗಿಸೋಣ ಎಂದು ಹಲವರಿಗೆ ಅನಿಸುತ್ತದೆ. ಮನೆಯಲ್ಲಿ ತೆವಳುವ ಮಗುವೋ ಪಾದ ನೆಕ್ಕಿಕೊಳ್ಳುವ ಬೆಕ್ಕೋ ಇದ್ದರೆ ಅದೂ ಬೇಡ.